ಜಿಎಸ್‌ಟಿ ನಂಬರ್ ಬಂತು, ಇನ್ನು ಬಿಲ್ ಬರೆಯುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ವೆಬ್‌ಸೈಟ್ ಕೆಲಸ ಮಾಡುವ ಹುಡುಗನೊಬ್ಬ ಮೊನ್ನೆ ಒಂದು ಬಿಲ್ ತಂದು ತೋರಿಸಿದ. ಪುಣೆಯ ಕಂಪನಿಗೆ ಕೊಟ್ಟ ಬಿಲ್ಲು. ಅದರಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು) ಶೇ 9, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಶೇ 9 ಅಂತ ಹಾಕಿದ್ದ. ಕಂಪನಿಯವರು ದುಡ್ಡು ತಡೆದಿದ್ದರು. ಹೊಸದಾಗಿ ಫ್ರೀಲಾನ್ಸ್ ಶುರು ಮಾಡಿದವರು ಎಡವುವುದು ಬಹುತೇಕ ಇಲ್ಲೇ.

ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ಗಿರಾಕಿ ಕೇಳಿದ ಅಂತ ಮಾಡಿಸಿಕೊಂಡರೂ ನಿಯಮಗಳೆಲ್ಲ ಅನ್ವಯ ಆಗುತ್ತವೆ.

ಮೊದಲು ಜಿಎಸ್‌ಟಿ ಪೋರ್ಟಲ್‌ಗೆ ಲಾಗಿನ್ ಆಗಿ, ಅಲ್ಲಿರುವ ಮೊಬೈಲ್ ನಂಬರ್, ಇಮೇಲ್ ನಿಮ್ಮದೇನಾ ನೋಡಿ. ಏಜೆಂಟರ ಕೈಯಲ್ಲಿ ಮಾಡಿಸಿದವರ ನೋಂದಣಿಯಲ್ಲಿ ಏಜೆಂಟರದ್ದೇ ನಂಬರ್ ಇರುವುದು ನೋಡಿದ್ದೇನೆ. ಒಟಿಪಿ ಅವರಿಗೆ ಹೋಗುತ್ತದೆ, ಇಲಾಖೆಯ ನೋಟಿಸೂ ಅವರಿಗೇ ಹೋಗುತ್ತದೆ. ನೋಂದಣಿಗೆ ಸರ್ಕಾರದ ಶುಲ್ಕವೇ ಇಲ್ಲ, ನೀವೇ ಮಾಡಿಕೊಳ್ಳಿ. ಬ್ಯಾಂಕ್ ಖಾತೆಯ ವಿವರವನ್ನು 30 ದಿನದೊಳಗೆ ಸೇರಿಸಿ.

ಈಗ ಬಿಲ್ಲು. ಗಿರಾಕಿಯ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. 29 ಇದ್ದರೆ ಕರ್ನಾಟಕ, ಆಗ 9 ಮತ್ತು 9 ಅಂತ ಒಡೆದು ಹಾಕಬೇಕು. 27 ಮಹಾರಾಷ್ಟ್ರ, 30 ಗೋವಾ. 29 ಬಿಟ್ಟು ಬೇರೆ ಏನಿದ್ದರೂ ಐಜಿಎಸ್‌ಟಿ (ಹೊರರಾಜ್ಯದ ವಹಿವಾಟಿನ ತೆರಿಗೆ) ಶೇ 18 ಅಂತ ಒಂದೇ ಸಾಲು. ಗೋಕುಲ ರಸ್ತೆಯಲ್ಲೇ ಆಫೀಸಿದ್ದು, ಕೆಲಸ ಹೇಳಿದವರು ಹುಬ್ಬಳ್ಳಿಯವರೇ ಆಗಿದ್ದು, ಬಿಲ್ಲಿಗೆ 27ರ ನಂಬರ್ ಕೊಟ್ಟಿರುತ್ತಾರೆ. ಹಾಗಿದ್ದರೆ ಆಫೀಸು ಎಲ್ಲಿದೆ ಅಂತ ನೋಡಬೇಡಿ, ನಂಬರನ್ನೇ ನೋಡಿ. ಇಂಟೀರಿಯರ್, ಆರ್ಕಿಟೆಕ್ಟ್ ಕೆಲಸದವರಿಗೆ ಮಾತ್ರ ಲೆಕ್ಕ ಬೇರೆ: ಕಟ್ಟಡ ಯಾವ ರಾಜ್ಯದಲ್ಲಿದೆ ಅನ್ನುವುದೇ ಮುಖ್ಯ. ವಿದೇಶದ ಗಿರಾಕಿ ಇದ್ದರೆ ಪ್ರತಿ ಹಣಕಾಸು ವರ್ಷ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರವನ್ನು ಪೋರ್ಟಲ್‌ನಲ್ಲಿ ಹಾಕಿ, ತೆರಿಗೆ ಇಲ್ಲದೆ ಬಿಲ್ ಕೊಡಬಹುದು.

ಕೆಲವು ಪುಕ್ಕಟೆ ಬಿಲ್ ಆ್ಯಪ್‌ಗಳು ರಾಜ್ಯ ಬದಲಿಸದಿದ್ದರೆ ಸುಮ್ನೆ 9-9 ಹಾಕಿಬಿಡುತ್ತವೆ. ಅಂಥವನ್ನು ಬಿಡಿ, ಎಕ್ಸೆಲ್ ಸಾಕು. ತಪ್ಪು ತೆರಿಗೆ ಕಟ್ಟಿಬಿಟ್ಟರೆ ಸರಿಯಾದದ್ದನ್ನು ಮತ್ತೆ ಕಟ್ಟಿ, ಮೊದಲಿನದ್ದಕ್ಕೆ ರೀಫಂಡ್ ಅರ್ಜಿ ಹಾಕಬೇಕಾಗುತ್ತದೆ. ಆ ಹುಡುಗ ಇನ್ನೂ ರಿಟರ್ನ್ ಹಾಕಿರಲಿಲ್ಲ, ಬಿಲ್ ತಿದ್ದಿಕೊಟ್ಟು ಪಾರಾದ.

ದುಡ್ಡು ಬಂದ ಮೇಲೆ ಇನ್ನೊಂದು ಗೊಂದಲ. 60,000 ರೂಪಾಯಿ ಕೆಲಸಕ್ಕೆ ಜಿಎಸ್‌ಟಿ 10,800 ಸೇರಿ ಬಿಲ್ಲು 70,800. ಕಂಪನಿ ಶೇ 10 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ಅದು 60,000ದ ಮೇಲೆ ಮಾತ್ರ, ಅಂದರೆ 6,000. ನಿಮ್ಮ ಖಾತೆಗೆ ಬರುವುದು 64,800. ಅದರಲ್ಲಿ 10,800 ನಿಮ್ಮದಲ್ಲ. ಬಂದ ದಿನವೇ ಬೇರೆ ಖಾತೆಗೆ ಹಾಕಿ, ಬಾಡಿಗೆಗೂ ಮುಟ್ಟಬೇಡಿ. ಆ 6,000 ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನೋಡಿ.

ರಿಟರ್ನ್ ಸುಲಭ: ಕೊಟ್ಟ ಬಿಲ್ಲುಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-1, ಮುಂದಿನ ತಿಂಗಳ 11ಕ್ಕೆ; ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ 20ಕ್ಕೆ. ಮೂರು ತಿಂಗಳಿಗೊಮ್ಮೆ ಹಾಕುವ ಸೌಲಭ್ಯವೂ ಇದೆ, ಆದರೆ ಮೊದಲ ವರ್ಷ ತಿಂಗಳದ್ದೇ ಇಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಬಿಲ್ಲುಗಳು ಎಲ್ಲೆಲ್ಲೋ ಹೋಗಿರುತ್ತವೆ, ಅಲ್ವಾ? ಕೆಲಸ ಇಲ್ಲದ ತಿಂಗಳಲ್ಲೂ ನಿಲ್ ರಿಟರ್ನ್ ಬೇಕೇ ಬೇಕು. ತಪ್ಪಿದರೆ ದಿನಕ್ಕೆ 20 ರೂಪಾಯಿ ದಂಡ. ಸತತ ಆರು ತಿಂಗಳು ಬಿಟ್ಟರೆ ನೋಂದಣಿಯೇ ರದ್ದಾಗಬಹುದು. ನಿಲ್ ರಿಟರ್ನನ್ನು 14409ಕ್ಕೆ ಎಸ್‌ಎಂಎಸ್ ಕಳಿಸಿಯೂ ಮುಗಿಸಬಹುದು.

ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ. ಏಪ್ರಿಲ್ 30ರೊಳಗೆ ಕಟ್ಟಿ. ಇದು ಯಾರಿಗೂ ನೆನಪಿರುವುದಿಲ್ಲ.

ಇನ್ನು ಆದಾಯ ತೆರಿಗೆ. ಐಟಿ, ಎಂಜಿನಿಯರಿಂಗ್‌ನಂಥ ಪಟ್ಟಿಯಲ್ಲಿರುವ ವೃತ್ತಿಯವರು, ವರ್ಷದಲ್ಲಿ ಕೆಲಸದಿಂದ ಬಂದ ಒಟ್ಟು ಹಣ 50 ಲಕ್ಷದೊಳಗಿದ್ದರೆ, ಅದರ ಅರ್ಧವನ್ನು ಲಾಭ ಅಂತ ತೋರಿಸಿ ಮುಗಿಸಬಹುದು. ಹಾಗೆ ಮಾಡುವವರು ಮುಂಗಡ ತೆರಿಗೆಯನ್ನು ಒಂದೇ ಕಂತಿನಲ್ಲಿ ಮಾರ್ಚ್ 15ರೊಳಗೆ ಕಟ್ಟಿದರೆ ಸಾಕು.