ಊರಿನ ಹೆಸರಿಗೆ ‘ಗೆ’ ಸೇರಿಸಿದ ಕಥೆ

ಬಸ್ ಟಿಕೆಟ್ ಬುಕ್ ಮಾಡುವ ಒಂದು ಆಪ್‌ಗೆ ಕನ್ನಡ ಬರೆದುಕೊಡುವ ಕೆಲಸ ನನಗೆ ಸಿಕ್ಕಿತ್ತು. ಅಲ್ಲಿ ಮೊದಲೇ ಒಂದಿಷ್ಟು ಕನ್ನಡ ಇತ್ತು. ಊರಿನ ಹೆಸರು ಬರುವ ಕಡೆ ಖಾಲಿ ಜಾಗ, ಅದರ ಪಕ್ಕ ಸುಮ್ನೆ ಒಂದು ‘ಗೆ’. ಮೊಬೈಲಿನಲ್ಲಿ ‘ಧಾರವಾಡ ಗೆ’, ‘ಮೈಸೂರು ಗೆ’ ಎಂದು ಕಾಣುತ್ತಿತ್ತು. ಅರ್ಥವೇನೋ ಆಗುತ್ತದೆ. ಆದರೆ ಹಾಗೆ ಯಾರು ಮಾತಾಡುತ್ತಾರೆ?

ಊರುಗಳ ಪಟ್ಟಿ ತರಿಸಿಕೊಂಡೆ. ಕೊನೆಯ ಸದ್ದು ನೋಡಿ ಹೆಸರುಗಳನ್ನು ಬೇರೆ ಬೇರೆ ಗುಂಪು ಮಾಡಿದೆ. ‘ಇ’, ‘ಎ’, ‘ಐ’ಗಳಲ್ಲಿ ಮುಗಿಯುವ ಹೆಸರುಗಳದ್ದು ತಕರಾರೇ ಇಲ್ಲ. ಹುಬ್ಬಳ್ಳಿಗೆ, ದಾವಣಗೆರೆಗೆ, ಚೆನ್ನೈಗೆ. ‘ಅ’ದಲ್ಲಿ ಮುಗಿದರೆ ‘ಕ್ಕೆ’: ಹಾಸನಕ್ಕೆ, ಧಾರವಾಡಕ್ಕೆ, ಮಂಡ್ಯಕ್ಕೆ. ಮನುಷ್ಯರಿಗೆ ಇದು ಸುಲಭ, ಕಂಪ್ಯೂಟರಿಗೆ ಅಲ್ಲ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ‘ಅ’ಕಾರಕ್ಕೆ ಬೇರೆ ಗುರುತೇ ಇಲ್ಲ, ‘ಡ’ ಅನ್ನುವುದರೊಳಗೇ ಅದು ಅಡಗಿ ಕೂತಿರುತ್ತದೆ. ಹಾಗಾಗಿ ಪ್ರೋಗ್ರಾಮರ್‌ಗೆ ತಿರುಗಿಸಿ ಹೇಳಿದೆ: ಕೊನೆಯಲ್ಲಿ ಬರೀ ಅಕ್ಷರ ಇದ್ದು, ಅದಕ್ಕೆ ಯಾವ ಗುಣಿತದ ಗುರುತೂ ಅಂಟಿಲ್ಲ ಅಂದರೆ ‘ಕ್ಕೆ’ ಹಾಕಪ್ಪಾ.

ನಿಜವಾದ ಮಜಾ ಇರುವುದು ‘ಉ’ಕಾರದಲ್ಲಿ. ಹಳಗನ್ನಡದಲ್ಲಿ ಕಲ್, ಕಣ್, ಕಾಲ್ ಎಂದೇ ಇತ್ತು. ಆಮೇಲೆ ಕೊನೆಗೊಂದು ‘ಉ’ ಸೇರಿ ಕಲ್ಲು, ಕಣ್ಣು, ಕಾಲು ಆದವು. ಈ ಚಾಳಿ ನಮಗೆ ಇನ್ನೂ ಹೋಗಿಲ್ಲ. ಬಸ್ ಬಂತು, ಬಸ್ಸು ಮಾಡಿಕೊಂಡೆವು. ಕಾರ್ ಬಂತು, ಕಾರು ಆಯಿತು. ಮೊದಲಿನ ಸ್ವರ ಗಿಡ್ಡ ಇದ್ದರೆ ಕೊನೆಯ ವ್ಯಂಜನ ಸಾಮಾನ್ಯವಾಗಿ ಇಮ್ಮಡಿ ಆಗುತ್ತದೆ, ಉದ್ದ ಇದ್ದರೆ ಇಲ್ಲ. ಸಂಸ್ಕೃತದ ಮನಸ್, ಜಗತ್‌ಗಳನ್ನೂ ಬಿಡದೆ ಮನಸ್ಸು, ಜಗತ್ತು ಮಾಡಿದ್ದೇವೆ. ಆದರೆ ಈ ‘ಉ’ ಬಾಡಿಗೆಗೆ ಬಂದವನ ಥರ. ಪ್ರತ್ಯಯ ಬಂದ ಕೂಡಲೇ ಮನೆ ಖಾಲಿ ಮಾಡುತ್ತದೆ. ಬಸ್ಸು, ಬಸ್ಸಿಗೆ. ಮೈಸೂರು, ಮೈಸೂರಿಗೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ತುಮ್ಕೂರ್ ತುಮ್ಕೂರ್’ ಎಂದು ಕೂಗುವಾಗ ಪ್ರತ್ಯಯವೂ ಬೇಡ, ಈ ‘ಉ’ ಮೊದಲೇ ಹೋಗಿರುತ್ತದೆ.

ಬೀದರ್ ಬಂದಾಗ ಚರ್ಚೆ ಶುರುವಾಯಿತು. ‘ಬೀದರ್‌ಗೆ’ ಎಂದೂ ಬರೆಯುತ್ತಾರೆ, ‘ಬೀದರಿಗೆ’ ಎಂದೂ ಬರೆಯುತ್ತಾರೆ. ಮೊದಲನೆಯದಕ್ಕೆ ‘ರ್’ ಮತ್ತು ‘ಗೆ’ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಜೀರೋ ವಿಡ್ತ್ ನಾನ್ ಜಾಯಿನರ್ ಎಂದು ಅದರ ಹೆಸರು. ಅದು ಬಿಟ್ಟುಹೋದರೆ ‘ಬೀದರ್ಗೆ’ ಆಗಿ, ‘ಗೆ’ ಪಕ್ಕ ಅರ್ಕಾವತ್ತು ಬಂದು ಕೂರುತ್ತದೆ. ನಾನು ಬೀದರಿಗೆ ಎಂದೇ ಹಟ ಹಿಡಿದೆ. ಕಿವಿಗೆ ಅದೇ ಚೆಂದ, ಮತ್ತೆ ಕೆಲಸವೂ ಕಮ್ಮಿ. ತುಮಕೂರಿನ ಕೊನೆಯ ಕೊಂಬು ತೆಗೆದು ‘ಿಗೆ’ ಹಾಕಿದ ಹಾಗೆಯೇ ಬೀದರಿನ ಅರ್ಧಾಕ್ಷರದ ಗುರುತು ತೆಗೆದು ‘ಿಗೆ’ ಹಾಕಿದರಾಯಿತು. ಎರಡಕ್ಕೂ ಒಂದೇ ನಿಯಮ.

ಜಮ್ಮು ಮಾತ್ರ ಜಗ್ಗಲಿಲ್ಲ. ಅದರ ‘ಉ’ ಬಾಡಿಗೆಯದ್ದಲ್ಲ, ಸ್ವಂತದ್ದು. ‘ಜಮ್ಮಿಗೆ’ ಎಂದರೆ ಊರೇ ಬದಲಾದ ಹಾಗಿರುತ್ತದೆ. ಗುರುವಿಗೆ, ಮಗುವಿಗೆ ಎನ್ನುವ ಹಾಗೆ ಇಲ್ಲೂ ಜಮ್ಮುವಿಗೆ. ಯಾವ ‘ಉ’ ಸ್ವಂತ, ಯಾವುದು ಬಾಡಿಗೆ ಎಂದು ಅಕ್ಷರ ನೋಡಿ ಹೇಳಲು ಬರುವುದಿಲ್ಲ. ಕಿವಿಯೇ ಗತಿ. ಅಂಥ ಹೆಸರುಗಳನ್ನು ಕೈಯಾರೆ ಬರೆದು ಬೇರೆ ಪಟ್ಟಿಯಲ್ಲಿ ಇಟ್ಟೆ. ಸೇಲಂ ಕೂಡ ಅಲ್ಲಿಗೇ ಹೋಯಿತು, ಸೇಲಂಗೆ ಎಂದು.

ಪ್ರಯಾಣಿಕರ ಹೆಸರಿಗೆ ಇಷ್ಟು ಒದ್ದಾಡಲಿಲ್ಲ. ಹೆಸರಿನ ಮುಂದೆ ‘ಅವರಿಗೆ’ ಸೇರಿಸಿದರೆ ರಮೇಶ್ ಆದರೂ ಸರಿ, ಸುಮಾ ಆದರೂ ಸರಿ. ಮರ್ಯಾದೆಯೂ ಉಳಿಯಿತು.

ಕೊನೆಗೆ ಉಳಿದದ್ದು ಪ್ಲಾಟ್‌ಫಾರ್ಮ್ ನಂಬರು. ‘ಮೂರು’ ಕೂಡ ಮೈಸೂರಿನ ಹಾಗೇ ‘ರು’ವಿನಲ್ಲಿ ಮುಗಿಯುತ್ತದೆ, ಆದರೆ ‘ಮೂರಿಗೆ’ ಅನ್ನುವುದಿಲ್ಲ, ‘ಮೂರಕ್ಕೆ’ ಅನ್ನುತ್ತೇವೆ. ಒಂದಕ್ಕೆ, ಹತ್ತಕ್ಕೆ, ನೂರಕ್ಕೆ, ಎಲ್ಲ ಹಾಗೇ. ಅಂಕಿ ಬಂದರೆ ಕಣ್ಣು ಮುಚ್ಚಿಕೊಂಡು ‘3ಕ್ಕೆ’ ಎಂದು ಹಾಕಲು ಹೇಳಿದೆ. ಕೋಟಿ ಬಂದರೆ ‘ಗೆ’ ಬೇಕಾಗುತ್ತದೆ ನಿಜ, ಆದರೆ ಅಷ್ಟು ಪ್ಲಾಟ್‌ಫಾರ್ಮ್ ಇರುವ ಬಸ್ ನಿಲ್ದಾಣ ಇನ್ನೂ ಯಾರೂ ಕಟ್ಟಿಲ್ಲ.