ಸ್ಯಾನ್ ಡಿಯಾಗೊದಲ್ಲೊಂದು ಶನಿವಾರ: ಕಾರು ಬಿಡಿ, ಹುಲ್ಲುಹಾಸಿನ ಟಿಕೆಟ್ ಹಿಡಿಯಿರಿ

ಮಗನೋ ಮಗಳೋ ಓದಿಗೆ, ಕೆಲಸಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸೇರಿದ್ದಾರೆ, ಬೇಸಿಗೆಗೆ ಅಪ್ಪ ಅಮ್ಮ ಹೊರಟಿದ್ದಾರೆ. ಇಂಥ ಮನೆಗಳಲ್ಲಿ ಮೊದಲು ಬರುವ ಮಾತು ಸೀ ವರ್ಲ್ಡ್ ಮತ್ತು ಮೃಗಾಲಯದ್ದು. ಎರಡೂ ಚೆನ್ನಾಗಿವೆ, ಆದರೆ ನಾಲ್ಕು ಜನಕ್ಕೆ ಟಿಕೆಟ್ ತೆಗೆಯುವಷ್ಟರಲ್ಲಿ ಜೇಬು ಹಗುರಾಗುತ್ತದೆ. ಈ ಊರಿನ ಜನ ರಜೆ ಕಳೆಯುವ ರೀತಿ ಬೇರೆ. ಬೆಳಿಗ್ಗೆ ಮೀನಿನ ಸಂತೆ, ಮಧ್ಯಾಹ್ನ ಟಾಕೊ, ಸಂಜೆ ಬೇಸ್‌ಬಾಲ್. ದುಡ್ಡು ಸೋರುವುದು ಮುಖ್ಯವಾಗಿ ಎರಡು ಕಡೆ: ಪಾರ್ಕಿಂಗ್ ಮತ್ತು ಒಳ್ಳೆಯ ಸೀಟಿನ ಆಸೆ. ಇವೆರಡನ್ನೂ ಬಿಟ್ಟರೆ ಇಡೀ ದಿನ ಸಲೀಸು.

ಮೊದಲು ಪಂದ್ಯ ಗೊತ್ತುಮಾಡಿಕೊಳ್ಳಿ

ಪಾಡ್ರೇಸ್ ಇಲ್ಲಿನ ಬೇಸ್‌ಬಾಲ್ ತಂಡ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ತವರಿನಲ್ಲಿ 81 ಪಂದ್ಯ. ಟಿಕೆಟ್ ಬೆಲೆ ಪಂದ್ಯಕ್ಕೊಂದು ಥರ: ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ಬಂದರೆ ಏರುತ್ತದೆ, ವಾರದ ನಡುವೆ ಅಷ್ಟೇನೂ ಹೆಸರಿಲ್ಲದ ತಂಡ ಬಂದರೆ ಇಳಿಯುತ್ತದೆ. ಶನಿವಾರವೇ ಬೇಕೆಂದರೆ ಪೆಟ್ಕೊ ಪಾರ್ಕ್ ಕ್ರೀಡಾಂಗಣದ ಗ್ಯಾಲಗರ್ ಸ್ಕ್ವೇರ್ ಟಿಕೆಟ್ ನೋಡಿ. ಔಟ್‌ಫೀಲ್ಡ್‌ನ ಹಿಂದಿರುವ ಹುಲ್ಲಿನ ಇಳಿಜಾರು ಅದು, ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ಟಿಕೆಟ್ ಫೋನಿನಲ್ಲೇ ಬರುತ್ತದೆ. ಒಳಗೆ ನಗದು ನಡೆಯುವುದಿಲ್ಲ, ಕಾರ್ಡ್ ಇಟ್ಟುಕೊಳ್ಳಿ.

ಟ್ರಾಲಿ ಹತ್ತಿ

ಪಂದ್ಯದ ದಿನ ಡೌನ್‌ಟೌನ್‌ನಲ್ಲಿ ಕಾರು ನಿಲ್ಲಿಸುವ ಖರ್ಚು ಕೆಲವೊಮ್ಮೆ ಟಿಕೆಟ್ಟಿನ ಬೆಲೆಯನ್ನೇ ಮೀರುತ್ತದೆ. ಊರಿನ ಕೆಂಪು ಟ್ರಾಲಿ ರೈಲು ಇರುವಾಗ ಆ ಗೋಳು ಬೇಡ. ಪ್ರೊಂಟೊ ಎಂಬ ಕಾರ್ಡೋ ಆ್ಯಪೋ ತೆಗೆದುಕೊಂಡು, ಹತ್ತುವ ಮೊದಲು ತಪ್ಪದೆ ಟ್ಯಾಪ್ ಮಾಡಿ. ದಿನಕ್ಕೊಂದು ಮಿತಿ ಇದೆ, ಅಲ್ಲಿಗೆ ಮುಟ್ಟಿದ ಮೇಲೆ ಎಷ್ಟು ಸಲ ಓಡಾಡಿದರೂ ದುಡ್ಡು ಕಡಿತವಾಗುವುದಿಲ್ಲ. 65 ದಾಟಿದವರಿಗೆ ರಿಯಾಯಿತಿ ಇದೆ.

ಎಂಟು ಗಂಟೆಗೆ ದಕ್ಕೆಯಲ್ಲಿರಿ

ಟ್ರಾಲಿಯ ಹಸಿರು ಮಾರ್ಗದಲ್ಲಿ ಸೀಪೋರ್ಟ್ ವಿಲೇಜ್ ನಿಲ್ದಾಣದಲ್ಲಿ ಇಳಿದು ಸಮುದ್ರದ ಕಡೆ ನಡೆದರೆ ಟ್ಯೂನಾ ಹಾರ್ಬರ್. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿ ಮೀನುಗಾರರೇ ಸಂತೆ ಹಾಕುತ್ತಾರೆ. ಮಲ್ಪೆ, ಮಂಗಳೂರು ದಕ್ಕೆ ನೋಡಿ ಬೆಳೆದವರು ಇದನ್ನು ತಪ್ಪಿಸಿಕೊಳ್ಳಲೇಬಾರದು. ಐಸಿನ ಮೇಲೆ ಕಣ್ಣು ಮಿಂಚುವ ಕೆಂಪು ರಾಕ್‌ಫಿಶ್, ಕಾಲು ಆಡಿಸುತ್ತಿರುವ ಏಡಿ, ಕಪ್ಪು ಮುಳ್ಳಿನ ಉಂಡೆಯಂಥ ಸೀ ಅರ್ಚಿನ್. ಅದನ್ನು ಅಲ್ಲೇ ಒಡೆದು, ಒಳಗಿನ ಕಿತ್ತಳೆ ಬಣ್ಣದ ತಿರುಳನ್ನು ಚಮಚದಲ್ಲಿ ತಿನ್ನುವವರೂ ಇದ್ದಾರೆ.

ಒಂದು ಕಾಲಕ್ಕೆ ಜಗತ್ತಿನ ಟ್ಯೂನಾ ರಾಜಧಾನಿ ಎನಿಸಿಕೊಂಡಿದ್ದ ಊರು ಇದು. ಪೋರ್ಚುಗೀಸ್, ಇಟಾಲಿಯನ್, ಜಪಾನಿ ಕುಟುಂಬಗಳು ಕಟ್ಟಿ ಬೆಳೆಸಿದ ಆ ಉದ್ಯಮ 1980ರ ದಶಕದಲ್ಲಿ ಕುಸಿಯಿತು. ಉಳಿದ ಸಣ್ಣ ದೋಣಿಯವರು 2014ರಲ್ಲಿ ಈ ಸಂತೆ ಶುರುಮಾಡಿದರು. ಮರುವರ್ಷವೇ ಇಂಥ ಸಂತೆಗಳಿಗೆ ದಾರಿಮಾಡಿಕೊಡುವ ಕಾನೂನನ್ನು ಕ್ಯಾಲಿಫೋರ್ನಿಯಾ ತಂದಿತು. ಹಿಡಿದವರ ಕೈಗೇ ದುಡ್ಡು ಸೇರುವ ವ್ಯಾಪಾರ ಎಂಬ ಕಾರಣಕ್ಕೆ ನನಗೆ ಈ ಜಾಗದ ಮೇಲೆ ವಿಶೇಷ ಅಕ್ಕರೆ. ದಿನವಿಡೀ ಸುತ್ತುವವರು ಮೀನು ಕೊಳ್ಳುವುದು ಕಷ್ಟ. ಮನೆಗೆ ಹಿಂತಿರುಗುವವರು ಒಬ್ಬರಿದ್ದರೆ ಐಸ್ ಡಬ್ಬಿಯಲ್ಲಿ ಕೊಟ್ಟು ಕಳಿಸಿ.

ಮಧ್ಯಾಹ್ನಕ್ಕೆ ಬ್ಯಾರಿಯೊ ಲೋಗನ್

ಕ್ರೀಡಾಂಗಣದ ಪಕ್ಕದ ಟ್ವೆಲ್ಫ್ತ್ ಅಂಡ್ ಇಂಪೀರಿಯಲ್ ನಿಲ್ದಾಣದಿಂದ ನೀಲಿ ಮಾರ್ಗದಲ್ಲಿ ಒಂದೇ ಸ್ಟಾಪು. ಮೆಕ್ಸಿಕನ್ ಮೂಲದವರ ಹಳೆಯ ಬಡಾವಣೆ ಇದು. ಮನೆಗಳನ್ನು ಕೆಡವಿ ಮೇಲೆ ಸೇತುವೆ ಕಟ್ಟಿದ್ದಾಯಿತು. ಅದರ ಕೆಳಗೆ ಪಾರ್ಕ್ ಬರುತ್ತದೆಂದು ಕಾದಿದ್ದ ಜಾಗದಲ್ಲಿ ಹೆದ್ದಾರಿ ಪೊಲೀಸ್ ಠಾಣೆಗೆ ಕೆಲಸ ಶುರುವಾದಾಗ, 1970ರ ಏಪ್ರಿಲ್ 22ರಂದು ಜನ ಬಂದು ನೆಲದ ಮೇಲೆ ಕೂತರು. ಹಾಗೆ ದಕ್ಕಿದ್ದು ಚಿಕಾನೊ ಪಾರ್ಕ್. ಸೇತುವೆಯ ಕಂಬಕಂಬಕ್ಕೂ ಆಳೆತ್ತರ ಮೀರಿದ ಚಿತ್ರಗಳಿವೆ, ನೋಡಲು ಕಾಸು ಕೊಡಬೇಕಿಲ್ಲ.

ಊಟಕ್ಕೆ ಮೀನಿನ ಟಾಕೊ. ಮೆಕ್ಸಿಕೊ ಗಡಿಯಾಚೆಯ ಎನ್ಸೆನಾಡಾದಿಂದ ಬಂದದ್ದು: ಮೆಕ್ಕೆಜೋಳದ ತೆಳು ರೊಟ್ಟಿ, ಹಿಟ್ಟಿನಲ್ಲಿ ಅದ್ದಿ ಕರಿದ ಬಿಳಿ ಮೀನು, ಮೇಲೆ ಎಲೆಕೋಸು, ಬಿಳಿ ಸಾಸ್, ನಿಂಬೆರಸ. ಬಿಸಿ ಆರುವ ಮುಂಚೆ ತಿನ್ನಬೇಕು. ಸಸ್ಯಾಹಾರಿಗಳಿಗೆ ಒಂದು ಕಿವಿಮಾತು: ಬೀನ್ಸ್ ಬರಿಟೊ (ಬೀನ್ಸ್ ಕಾಳು ತುಂಬಿ ಸುತ್ತಿದ ರೊಟ್ಟಿ) ಎಂದಾಕ್ಷಣ ನಂಬಬೇಡಿ, ಬೇಯಿಸಿ ಅರೆದ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವ ಪದ್ಧತಿ ಇದೆ. ‘ಸಿನ್ ಮಾಂಟೆಕಾ?’ ಎಂದು ಕೇಳಿ, ಅಂದರೆ ‘ಕೊಬ್ಬು ಹಾಕಿಲ್ಲವಷ್ಟೇ?’ ಆಲೂಗಡ್ಡೆ ತುಂಬಿದ ಟಾಕೊ ಇದ್ದರೂ ಇದೇ ಪ್ರಶ್ನೆ ಕೇಳಿ.

ಕ್ರೀಡಾಂಗಣದೊಳಗೆ

ಹಿಂದಿನ ರಾತ್ರಿಯೇ ತಂಡದ ವೆಬ್‌ಸೈಟಿನಲ್ಲಿ ನಿಯಮ ಓದಿಕೊಳ್ಳಿ. ಒಬ್ಬರಿಗಾಗುವಷ್ಟು ತಿಂಡಿ, ಸೀಲ್ ಒಡೆಯದ ನೀರಿನ ಬಾಟಲಿ ಒಯ್ಯಬಹುದು. ಚಿತ್ರಾನ್ನದ ಡಬ್ಬಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗದು. ಬ್ಯಾಗ್ ಮಾತ್ರ ಪಾರದರ್ಶಕವಾಗಿರಬೇಕು.

ಹುಲ್ಲುಹಾಸಿನ ಟಿಕೆಟ್ ಹಿಡಿದವರು ಅಲ್ಲೇ ಕೂರಬೇಕೆಂದಿಲ್ಲ, ಮೈದಾನದ ಸುತ್ತ ಓಡಾಡಬಹುದು. ಎಡ ಮೂಲೆಯಲ್ಲಿ 1909ರ ಇಟ್ಟಿಗೆ ಕಟ್ಟಡವೊಂದಿದೆ. 2004ರಲ್ಲಿ ತೆರೆದ ಈ ಕ್ರೀಡಾಂಗಣವನ್ನು ಕಟ್ಟುವಾಗ ಅದನ್ನು ಕೆಡವದೆ ಒಳಗೇ ಸೇರಿಸಿಕೊಂಡರು. ಅದರ ಅಂಚೇ ಎಡಬದಿಯ ಫೌಲ್ ಗೆರೆಯ (ಹೊಡೆದ ಚೆಂಡು ಆಚೆ ಹೋಗಬಾರದ ಗೆರೆ) ಕಂಬ. ಹುಲ್ಲುಹಾಸಿನ ಬಳಿ ಟೋನಿ ಗ್ವಿನ್ ಪ್ರತಿಮೆ ಇದೆ. 1982ರಿಂದ 2001ರವರೆಗೆ ಇದೊಂದೇ ತಂಡಕ್ಕೆ ಆಡಿ 3,141 ಹಿಟ್ ಗಳಿಸಿದವರು, ಅಂದರೆ ಅಷ್ಟು ಸಲ ಚೆಂಡು ಹೊಡೆದು ಔಟಾಗದೆ ಬೇಸ್ ಎಂಬ ಓಟದ ನೆಲೆ ಮುಟ್ಟಿದವರು.

ಕ್ರಿಕೆಟ್ ಕಣ್ಣಿಗೆ ಆಟ ಅರ್ಥವಾಗಲು ಇಷ್ಟು ಸಾಕು. ಚೆಂಡನ್ನು ಎದುರಿನ ಎರಡು ಗೆರೆಗಳ ನಡುವೆಯೇ ಹೊಡೆಯಬೇಕು, ಆಚೆ ಹೋದರೆ ಫೌಲ್. ಬೀಸಿ ತಪ್ಪಿದ್ದು ಅಥವಾ ಹೊಡೆಯಬಹುದಾದ ಜಾಗಕ್ಕೆ ಬಂದರೂ ಬಿಟ್ಟದ್ದು ಸ್ಟ್ರೈಕ್, ಆ ಜಾಗ ತಪ್ಪಿ ಬಂದದ್ದನ್ನು ಬಿಟ್ಟರೆ ಬಾಲ್. ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ನಾಲ್ಕು ಬಾಲ್ ಆದರೆ ಮೊದಲ ಬೇಸ್‌ಗೆ ನಡೆದುಕೊಂಡೇ ಹೋಗಬಹುದು. ಮೂವರು ಔಟಾದರೆ ಎದುರು ತಂಡದ ಸರದಿ. ಹೀಗೆ ಒಂಬತ್ತು ಇನಿಂಗ್ಸ್. ರನ್ ಬರುವುದು ಅಪರೂಪ, ಹಾಗಾಗಿ ಬ್ಯಾಟರನ್ನಲ್ಲ, ಚೆಂಡು ಎಸೆಯುವ ಪಿಚರ್‌ನನ್ನು ನೋಡುತ್ತಿರಿ. ವೇಗದ ಚೆಂಡಿನ ಬೆನ್ನಿಗೆ ನಿಧಾನದ್ದನ್ನು ಎಸೆದು ಬ್ಯಾಟರ್‌ನ ಲೆಕ್ಕ ತಪ್ಪಿಸುವುದರಲ್ಲೇ ಇಡೀ ಆಟದ ರಸ. 2023ರಲ್ಲಿ ಎಸೆತಕ್ಕೆ ಸಮಯ ಮಿತಿ ಹಾಕುವ ಪಿಚ್ ಗಡಿಯಾರ ಬಂದ ಮೇಲೆ ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಪಂದ್ಯ ಮುಗಿಯುತ್ತದೆ. ಕತ್ತಲಾದ ಮೇಲೆ ಕಡಲ ಗಾಳಿ ಚಳಿ ಹುಟ್ಟಿಸುತ್ತದೆ. ಜೂನ್ ತಿಂಗಳಲ್ಲೂ ಹಿರಿಯರಿಗೆ ಸ್ವೆಟರ್ ಬೇಕು.

ಭಾನುವಾರವೂ ಬಿಡುವಿದ್ದರೆ

7ನೇ ನಂಬರ್ ಬಸ್ಸಿನಲ್ಲಿ ಬಲ್ಬೋವಾ ಪಾರ್ಕ್. ಮಧ್ಯಾಹ್ನ ಎರಡಕ್ಕೆ ಸ್ಪ್ರೆಕಲ್ಸ್ ಬಯಲು ರಂಗದಲ್ಲಿ ಪೈಪ್ ಆರ್ಗನ್ ಕಛೇರಿ, ಉಚಿತ. ಐದು ಸಾವಿರಕ್ಕೂ ಹೆಚ್ಚು ಕೊಳವೆಗಳ ಈ ವಾದ್ಯ 1914ರ ಕೊನೆಯ ದಿನ ಊರಿಗೆ ಅರ್ಪಣೆಯಾದದ್ದು. ಬಿಸಿಲು ಜೋರು, ಟೋಪಿ ಮರೆಯಬೇಡಿ. ಪಕ್ಕದ ಟಿಂಕೆನ್ ಕಲಾ ಸಂಗ್ರಹಾಲಯಕ್ಕೂ ಪ್ರವೇಶ ಶುಲ್ಕವಿಲ್ಲ.

ಪಾಡ್ರೇಸ್ ಟಿಕೆಟ್ ಕೈಗೆಟುಕದಿದ್ದರೆ, ಫೆಬ್ರವರಿಯಿಂದ ಮೇವರೆಗೆ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರ ಪಂದ್ಯಗಳಿರುತ್ತವೆ. ಗ್ವಿನ್ ಓದಿದ್ದು, ಕೊನೆಗೆ ಕೋಚ್ ಆಗಿದ್ದು ಅಲ್ಲೇ. ಮೈದಾನಕ್ಕೂ ಅವರದೇ ಹೆಸರು. ಹಸಿರು ಮಾರ್ಗದ ಟ್ರಾಲಿ ಕ್ಯಾಂಪಸ್ಸಿನ ನೆಲದಡಿಯ ನಿಲ್ದಾಣಕ್ಕೇ ತಂದು ಬಿಡುತ್ತದೆ.