ಸಂಬಳದ ಶೀಟ್‌ನಲ್ಲಿ ಲೆಕ್ಕ ಅಲುಗಾಡದೆ ನಿಂತಾಗ

ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪ್‌ನಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಮೂವತ್ತೆರಡು ಜನ. ಪ್ರತಿ ತಿಂಗಳು ಹಳೆಯ ಎಕ್ಸೆಲ್ ಶೀಟನ್ನೇ ಕಾಪಿ ಮಾಡಿ, ಹಾಜರಿ ಮತ್ತು ಓಟಿ (ಹೆಚ್ಚುವರಿ ಕೆಲಸದ) ಗಂಟೆಗಳನ್ನು ಬದಲಾಯಿಸುತ್ತೇನೆ. ಮಿಕ್ಕಿದ್ದನ್ನು ಫಾರ್ಮುಲಾಗಳೇ ನೋಡಿಕೊಳ್ಳುತ್ತವೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಆ ಸಂಜೆ ಸ್ಲಿಪ್ ಹಂಚಿ ಅರ್ಧ ಗಂಟೆಯಾಗಿತ್ತು. ಲೇತ್ ಮೇಲೆ ಕೆಲಸ ಮಾಡುವ ಹುಡುಗ ಬಂದು ನಿಂತ. "ಮೇಡಂ, ನಂದು ಓಟಿ ಬಂದಿಲ್ಲ ಅನ್ಸುತ್ತೆ. ಸ್ವಲ್ಪ ನೋಡ್ತೀರಾ?"

ಅವನ ಸಂಬಳ 20,800. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 800, ಗಂಟೆಗೆ 100. ಓಟಿಗೆ ಎರಡು ಪಟ್ಟು, ಅಂದರೆ 200. ಹದಿನಾಲ್ಕು ಗಂಟೆ ಮಾಡಿದ್ದ, 2,800 ಬರಬೇಕು. ಸ್ಲಿಪ್‌ನಲ್ಲಿ ಸೊನ್ನೆ. ಶೀಟ್ ಇನ್ನೂ ತೆರೆದೇ ಇತ್ತು, ಸೇವ್ ಮಾಡಿರಲಿಲ್ಲ. ಅವನ ಸಾಲಿನಲ್ಲಿ ವಾರವಾರದ ಗಂಟೆಗಳೆಲ್ಲ ಸರಿಯಾಗಿದ್ದವು. ಫಾರ್ಮುಲಾ ಕೂಡ ಸರಿಯಾಗಿತ್ತು. ಮೊತ್ತ ಮಾತ್ರ ಹೋದ ತಿಂಗಳದ್ದು. ಆಗ ಅವನು ಓಟಿ ಮಾಡಿರಲಿಲ್ಲ.

ಫಾರ್ಮುಲಾ ಕೆಟ್ಟಿದೆ ಎಂದುಕೊಂಡು ಅದನ್ನೇ ಕೆದಕುತ್ತಾ ಹತ್ತು ನಿಮಿಷ ಕಳೆದೆ. ಆಮೇಲೆ ಕೆಳಗಿನ ಎಡ ಮೂಲೆಯಲ್ಲಿ 'ಕ್ಯಾಲ್ಕ್ಯುಲೇಟ್' ಎಂಬ ಪದ ಕಂಡಿತು. ಮತ್ತೆ ಲೆಕ್ಕ ಹಾಕಿಸುವ ಎಫ್9 ಒತ್ತಿದೆ. ಇಡೀ ಶೀಟ್‌ನ ಅಂಕಿಗಳು ಒಮ್ಮೆಗೇ ಬದಲಾದವು. ನನ್ನ ಎದೆ ಧಸಕ್ಕೆಂದಿತು. ಇವನೊಬ್ಬನದಲ್ಲ, ಆ ತಿಂಗಳು ಓಟಿ ಮಾಡಿದ ಒಂಬತ್ತೂ ಜನರ ಸ್ಲಿಪ್ ತಪ್ಪಾಗಿತ್ತು.

'ಫಾರ್ಮುಲಾಸ್' ಟ್ಯಾಬ್‌ನಲ್ಲಿ 'ಕ್ಯಾಲ್ಕ್ಯುಲೇಷನ್ ಆಪ್ಷನ್ಸ್' ನೋಡಿದರೆ 'ಮ್ಯಾನ್ಯುಯಲ್' ಮೇಲೆ ಟಿಕ್ ಇತ್ತು. ಅಂದರೆ ನಾವು ಹೇಳಿದಾಗ ಮಾತ್ರ ಎಕ್ಸೆಲ್ ಲೆಕ್ಕ ಹಾಕುತ್ತದೆ. ನಾನಂತೂ ಅದನ್ನು ಮುಟ್ಟಿರಲಿಲ್ಲ. ಯಾರು ಮಾಡಿದ್ದು? ಯಾರೂ ಅಲ್ಲ. ಬೆಳಿಗ್ಗೆ ಮೊದಲು ತೆರೆದದ್ದು ಓನರ್ ಕಳಿಸಿದ್ದ ಸ್ಟಾಕ್ ಫೈಲ್. ಸಾವಿರಾರು ಸಾಲು. ಒಂದು ಅಂಕಿ ಹಾಕಿದರೆ ಕಂಪ್ಯೂಟರ್ ನಿಂತೇಹೋಗುತ್ತದೆ ಎಂದು ಅವರು ಅದನ್ನು ಮ್ಯಾನ್ಯುಯಲ್‌ನಲ್ಲಿ ಇಟ್ಟಿದ್ದರು. ಈ ಸೆಟ್ಟಿಂಗ್ ಒಂದು ಫೈಲಿಗೆ ಮಾತ್ರ ಅನ್ವಯಿಸುವುದಿಲ್ಲ. ಎಕ್ಸೆಲ್‌ನಲ್ಲಿ ಮೊದಲು ಯಾವ ಫೈಲ್ ತೆರೆಯುತ್ತೀರೋ ಅದರ ಸೆಟ್ಟಿಂಗೇ ಆಮೇಲೆ ತೆರೆಯುವ ಎಲ್ಲಕ್ಕೂ ಬರುತ್ತದೆ. ಹಾಗೇ ಸೇವ್ ಮಾಡಿದರೆ ಸಂಬಳದ ಫೈಲಿಗೂ ಅಂಟಿಕೊಳ್ಳುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

'ಆಟೋಮ್ಯಾಟಿಕ್'ಗೆ ಬದಲಾಯಿಸಿದೆ. ಮುಗಿಯಿತು ಎಂದುಕೊಂಡರೆ ಆ ಹುಡುಗ ಪಕ್ಕದಿಂದಲೇ ಹೇಳಿದ, "ಮೇಡಂ, ಒಂಬತ್ತು ಗಂಟೆ ತೋರಿಸ್ತಿದೆ, ಹದಿನಾಲ್ಕಲ್ವಾ?"

ಹೌದು, ಐದು ಗಂಟೆ ಕಡಿಮೆ ಇತ್ತು. ಕೊನೆಯ ವಾರದ್ದು. ಸೆಲ್‌ನಲ್ಲಿ 5 ಎಂದು ಕಾಣುತ್ತಿದೆ, ಆದರೆ ಎಡಕ್ಕೆ ಅಂಟಿಕೊಂಡಿದೆ. ಬೇರೆ ವಾರದ ಅಂಕಿಗಳೆಲ್ಲ ಬಲಕ್ಕಿವೆ. ಆ ಒಂದು ಕಾಲಮ್ಮನ್ನು ಹಾಜರಿ ಮಷೀನಿನ ರಿಪೋರ್ಟಿನಿಂದ ನೇರ ಕಾಪಿ ಮಾಡಿದ್ದೆ. ಅಂಕಿಯಂತೆ ಕಂಡರೂ ಎಕ್ಸೆಲ್‌ಗೆ ಅದು ಬರೀ ಅಕ್ಷರ. 'ಸಮ್' ಎಂಬ ಕೂಡುವ ಫಾರ್ಮುಲಾ ಇಂಥ ಸೆಲ್‌ಗಳನ್ನು ಬಾಯಿಬಿಡದೆ ಬಿಟ್ಟು ಕೂಡುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಅದೇ ಸೆಲ್‌ಗಳನ್ನು ಪ್ಲಸ್ ಚಿಹ್ನೆ ಹಾಕಿ ಕೂಡಿದರೆ ಸರಿಯಾದ ಉತ್ತರ ಬರುತ್ತದೆ. ಅದಕ್ಕೇ ಜಾಸ್ತಿ ಗೊಂದಲ.

ಕಾಲಮ್ ಸೆಲೆಕ್ಟ್ ಮಾಡಿ, 'ಡೇಟಾ' ಟ್ಯಾಬ್‌ನ 'ಟೆಕ್ಸ್ಟ್ ಟು ಕಾಲಮ್ಸ್' ತೆರೆದು ಸುಮ್ನೆ 'ಫಿನಿಷ್' ಒತ್ತಿದೆ. ಅಂಕಿಗಳೆಲ್ಲ ಬಲಕ್ಕೆ ಸರಿದವು. ಹದಿನಾಲ್ಕು ಗಂಟೆ, 2,800 ರೂಪಾಯಿ.

ಫಾರ್ಮುಲಾ ಹಾಕಿದ ಸೆಲ್ ಉತ್ತರದ ಬದಲು ಫಾರ್ಮುಲಾವನ್ನೇ ತೋರಿಸಿದರೂ ಸಾಮಾನ್ಯವಾಗಿ ಇದೇ ರೋಗ. ಸೆಲ್‌ನ ಫಾರ್ಮ್ಯಾಟ್ 'ಟೆಕ್ಸ್ಟ್' ಆಗಿರುತ್ತದೆ. 'ಜನರಲ್' ಮಾಡಿ, ಎಫ್2 ಒತ್ತಿ ಎಂಟರ್ ಕೊಡಿ.

ಶೀಟ್‌ನ ಕೊನೆಯಲ್ಲಿ ನಾನೊಂದು ತಾಳೆ ನೋಡುವ ಸೆಲ್ ಇಟ್ಟಿದ್ದೆ. ಒಟ್ಟು ಸಂಬಳದಲ್ಲಿ ಕಡಿತ ಮತ್ತು ಕೈಗೆ ಸಿಗುವ ಮೊತ್ತ ಎರಡನ್ನೂ ಕಳೆದರೆ ಸೊನ್ನೆ ಬರಬೇಕು. ಅವತ್ತೂ ಸೊನ್ನೆಯೇ ತೋರಿಸಿತ್ತು. ಬರದೆ ಏನು ಮಾಡೀತು? ಅದೂ ಒಂದು ಫಾರ್ಮುಲಾ ತಾನೇ, ಉಳಿದವುಗಳ ಜೊತೆಗೇ ನಿಂತುಹೋಗಿತ್ತು. ಹಾಗಾಗಿ ಈಗ ಪ್ರಿಂಟ್ ಕೊಡುವ ಮೊದಲು ಯಾರದ್ದಾದರೂ ಓಟಿಗೆ ಒಂದು ಗಂಟೆ ಸೇರಿಸಿ ಕೆಳಗಿನ ಮೊತ್ತ ಅಲುಗಾಡುತ್ತದಾ ಎಂದು ನೋಡುತ್ತೇನೆ. ಆಮೇಲೆ ಕಂಟ್ರೋಲ್ ಝೆಡ್ ಒತ್ತಿ ಹಿಂದಕ್ಕೆ ತರುತ್ತೇನೆ. ಹಾಜರಿ ಕಾಲಮ್ಮಿನಲ್ಲಿ ಎಡಕ್ಕೆ ಸರಿದ ಅಂಕಿ ಇದೆಯಾ ಎಂದು ಮೇಲಿಂದ ಕೆಳಗೆ ಕಣ್ಣಾಡಿಸುತ್ತೇನೆ. ಸ್ಟಾಕ್ ಫೈಲ್ ತೆರೆದಿದ್ದರೆ ಎಕ್ಸೆಲ್ ಪೂರ್ತಿ ಮುಚ್ಚಿ, ಸಂಬಳದ ಫೈಲನ್ನೇ ಮೊದಲು ತೆರೆಯುತ್ತೇನೆ.

ಆ ಸಂಜೆ ಒಂಬತ್ತೂ ಸ್ಲಿಪ್ ವಾಪಸ್ ತಗೊಂಡು ಹೊಸದು ಕೊಟ್ಟೆ. ಆಗ ಓಟಿಗೆ ಪಿಎಫ್ ಇರಲಿಲ್ಲ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಮಾತ್ರ 0.75 ಪರ್ಸೆಂಟ್ ಇತ್ತು. ಹುಡುಗನಿಗೆ 21 ರೂಪಾಯಿ ಕಡಿತವಾಗಿ 2,779 ಜಾಸ್ತಿ ಬಂತು. ಅವನು ಸ್ಲಿಪ್ ಹಿಡಿದು ಅಲ್ಲೇ ನಿಂತು, ಮೊಬೈಲ್‌ನಲ್ಲಿ ತಾನೂ ಒಮ್ಮೆ ಲೆಕ್ಕ ಹಾಕಿ ನೋಡಿಕೊಂಡು ಹೋದ.